ಬೇಬಿ ಆಫ್ ಶ್ಯಾಮಲ

ಬೇತಮಂಗಲ
18 ಸೆಪ್ಟೆಂಬರ್ 2022

ಪುಷ್ಪಾ,

ನಾನು ಶ್ಯಾಮಲ. ಕೋಲಾರದ ಆಸ್ಪತ್ರೆಯಲ್ಲಿ ಎಳೆಮಕ್ಕಳ ಐಸಿಯು ಎದುರಿನ ಬೆಂಚಿನ ಮೇಲೆ ಮೂರು ದಿನ ನಿನ್ನ ಪಕ್ಕ ಕೂತಿದ್ದವಳು. ನಿನ್ನ ಡಬ್ಬಿಯ ಇಡ್ಲಿಯಲ್ಲಿ ಅರ್ಧ ನನಗೆ ಕೊಟ್ಟು, “ತಿನ್ನಕ್ಕಾ, ನೀನು ತಿಂದ್ರೆ ತಾನೆ ಅವಳಿಗೆ ಹಾಲು” ಅಂದಿದ್ದೆ. ನಾನು ಹೊರಡುವಾಗ ನೀನು ವಿಳಾಸ ಬರೆದು ನನ್ನ ಕೈಗೆ ತುರುಕಿದ್ದೆ. ಆ ಚೀಟಿ ರವಿಕೆಯಲ್ಲಿ ಇದ್ದದ್ದರಿಂದ ಉಳಿಯಿತು. ಮಿಕ್ಕ ಯಾವುದೂ ಉಳಿಯಲಿಲ್ಲ. ಮಗುವಿನ ಬಟ್ಟೆ, ಹೊದಿಕೆ, ಆಸ್ಪತ್ರೆಯ ಫೈಲು ಎಲ್ಲವನ್ನೂ ನಮ್ಮತ್ತೆ ಒಂದು ಚೀಲಕ್ಕೆ ತುಂಬಿ ಕೆರೆಗೆ ಹಾಕಿ ಬಂದರು. “ಓಗಿದ್ದು ಓಯ್ತು. ಇನ್ನು ಅದರ ಮಾತು ಎತ್ತಬ್ಯಾಡ ಕಣಮ್ಮ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೇಳಿ ಒಲೆಯ ಮುಂದೆ ಕೂತು ತಾವೂ ಅತ್ತರು.

ಪತ್ರ ಯಾಕೆ ಅನ್ನುತ್ತೀಯ. ಮನೆಗೆ ಇರುವುದು ಒಂದೇ ಫೋನು. ಬೆಳಿಗ್ಗೆ ನಮ್ಮೆಜಮಾನರು ಮುನೀಂದ್ರ ಅವರ ಜೇಬಿನಲ್ಲಿ ಬಂಗಾರಪೇಟೆಗೆ ಹೋಗಿ ಬೆಂಗಳೂರಿನ ರೈಲು ಹತ್ತುತ್ತದೆ, ಸಂಜೆ ವಾಪಸು ಬರುತ್ತದೆ. ಆಮೇಲೆ ನಡುಮನೆಯಲ್ಲಿ ನಿಂತು ನಾನು ಏನು ಮಾತಾಡಲಿ? ಪತ್ರವಾದರೆ ಹಾಲಿನ ಡೇರಿಯ ವಿಳಾಸಕ್ಕೆ ಬರೆ. ಅಲ್ಲಿ ಹಾಲು ಅಳೆಯುವ ಶಶಿರೇಖ ನನ್ನ ಜೊತೆ ಓದಿದವಳು, ನನ್ನ ಕೈಗೇ ಕೊಡುತ್ತಾಳೆ.

ಕೇಳಬೇಕಾದದ್ದು ಒಂದಿದೆ. ಕೊನೇ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಏನೋ ವಿವರಿಸಿದರು. ಇಬ್ಬರ ಮಕ್ಕಳಿಗೂ ಒಂದೇ ಕಾಯಿಲೆ ಎಂದರು. ಅವರ ತುಟಿ ಆಡುತ್ತಿದ್ದದ್ದು ಕಂಡಿತು, ಮಾತು ಒಳಗೆ ಇಳಿಯಲಿಲ್ಲ. ಆಗ ನನ್ನ ಕಣ್ಣು ತೊಟ್ಟಿಲಿಗೆ ಅಂಟಿಸಿದ್ದ ಚೀಟಿಯ ಮೇಲಿತ್ತು. ಬೇಬಿ ಆಫ್ ಶ್ಯಾಮಲ ಎಂದು ಬರೆದಿದ್ದರು. ಅದೊಂದೇ ಅವಳಿಗೆ ಇದ್ದ ಹೆಸರು.

ಅವರು ಏನು ಹೇಳಿದರು? ನಿನ್ನ ಮಗ ಹೇಗಿದ್ದಾನೆ? ಮನೆಗೆ ಬಂದನಾ?

ಶ್ಯಾಮಲ

* * *

ಕೋರಮಂಡಲ್, ಕೆ.ಜಿ.ಎಫ್.
30 ಅಕ್ಟೋಬರ್ 2022

ಶ್ಯಾಮಲಕ್ಕಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಏನು ಬರೆದರೂ ನಿನಗೆ ನೋವಾಗುತ್ತದೆ ಅನ್ನಿಸಿ ಎದ್ದುಬಿಡುತ್ತಿದ್ದೆ. ಕೊನೆಗೆ ನಮ್ಮತ್ತೆ ಮಾರಿಯಮ್ಮನೇ ಬೈದರು, “ಪಾವಂ ಆ ಹುಡುಗಿ, ಕಾಯ್ತಾ ಇರ್ತಾಳೆ, ಬರಿಯೇ ಮೊದಲು!”

ಕಾಯಿಲೆಯ ಹೆಸರು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್. ನನ್ನ ಫೈಲಿನಿಂದ ಒಂದೊಂದೇ ಅಕ್ಷರ ನೋಡಿ ಬರೆದಿದ್ದೇನೆ. ಅದೊಂದು ಬ್ಯಾಕ್ಟೀರಿಯ ಅಂತೆ. ಎಷ್ಟೋ ಹೆಂಗಸರ ಮೈಯೊಳಗೆ ಸುಮ್ಮನೆ ಇರುತ್ತದೆ, ಅವರಿಗೆ ಜ್ವರವಿಲ್ಲ, ನೋವಿಲ್ಲ, ಇದೆ ಎಂದೇ ಗೊತ್ತಾಗುವುದಿಲ್ಲ. ಹೆರಿಗೆ ಹೊತ್ತಿಗೆ ಕೆಲವು ಮಕ್ಕಳಿಗೆ ತಗಲುತ್ತದೆ. ನಿನ್ನ ಮಗಳಿಗೆ ಹುಟ್ಟಿದ ದಿನವೇ ರಕ್ತಕ್ಕೆ ಸೇರಿತು, ಅದಕ್ಕೇ ಆ ಥರ ನರಳುತ್ತಾ ಉಸಿರಾಡುತ್ತಿದ್ದಳು. ನನ್ನ ಮಗನಿಗೆ ಹದಿನೆಂಟನೇ ದಿನಕ್ಕೆ ಬಂದು ಮಿದುಳಿನ ಪೊರೆಗೆ ಹತ್ತಿತು. ಡಾಕ್ಟರಮ್ಮ ಎರಡು ಸಲ ಹೇಳಿದರು ಅಕ್ಕಾ, “ಇದು ಕೊಳಕಿನಿಂದ ಬರೋದಲ್ಲ, ಯಾರೂ ತಪ್ಪು ಮಾಡಿ ಬರೋದಲ್ಲ” ಅಂತ. ಅದು ನಿನಗೆ ಕೇಳಿಸಿರಲಿಕ್ಕಿಲ್ಲ.

ಇಪ್ಪತ್ತೊಂದು ದಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಸಾಯಿಕುಮಾರ್ ಅಂತ ಹೆಸರಿಟ್ಟೆವು. ಹಾಲು ಕುಡಿಯುತ್ತಾನೆ, ತೂಕ ಏರಿದೆ. ಒಳ್ಳೆ ನಿದ್ದೆಗಾರ. ದೀಪಾವಳಿಗೆ ನಮ್ಮ ಗಣಿ ಲೈನು ಮನೆಗಳ ಹುಡುಗರೆಲ್ಲ ಬಾಗಿಲ ಮುಂದೆಯೇ ಸರ ಪಟಾಕಿ ಹಚ್ಚಿದರು. ಇವನು ಅಲುಗಾಡಲೇ ಇಲ್ಲ, ಬಾಯಿ ತೆರೆದುಕೊಂಡು ಮಲಗಿದ್ದ. ಅಂಬರೀಶು “ಲೇ, ನನ್ನ ಮಗ ಹುಲಿ ಕಣ್ಲಾ” ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಇದನ್ನು ಬರೆಯಬಾರದಿತ್ತೋ ಏನೋ. ನೀನು ಕೇಳಿದೆ, ಬರೆದೆ.

ನಿನ್ನ ಪುಷ್ಪ

* * *

ಬೇತಮಂಗಲ
18 ಡಿಸೆಂಬರ್ 2022

ಪುಷ್ಪಾ,

ಬರೆದದ್ದು ಒಳ್ಳೆಯದಾಯಿತು. ಸಾಯಿ ಮಲಗಿದ್ದನ್ನು ಓದಿ ನಕ್ಕೆ. ಆಗಸ್ಟಿನಿಂದ ಈಚೆಗೆ ನಾನು ನಕ್ಕದ್ದು ಅದೇ ಮೊದಲು.

ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಅವರಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲವಾದ್ದರಿಂದ. ಯಾರಿಗೂ ಗೊತ್ತಿಲ್ಲ. ನಿನಗೆ ಹೇಳುತ್ತೇನೆ.

ಆವತ್ತು ಸಂಜೆ ಐದು ಗಂಟೆಗೆ ಹಸು ಕರೆಯುತ್ತಾ ಕೂತಿದ್ದೆ. ಕಾಲಿನ ಮೇಲೆ ಬೆಚ್ಚಗೆ ನೀರು ಇಳಿಯಿತು. ಒಂಬತ್ತನೇ ತಿಂಗಳಲ್ಲಿ ಕೆಲವರಿಗೆ ಉಚ್ಚೆ ನಿಲ್ಲುವುದಿಲ್ಲ ಎಂದು ಕೇಳಿದ್ದೆ, ಹಾಗೇ ಇರಬಹುದು ಎಂದುಕೊಂಡೆ. ಸೀರೆ ಬದಲಿಸಿದೆ. ಮತ್ತೆ ಒದ್ದೆಯಾಯಿತು. ಮಾರನೇ ದಿನ ಬೆಳಿಗ್ಗೆ ನಾದಿನಿಯ ನಿಶ್ಚಿತಾರ್ಥ. ಗಂಡಿನ ಕಡೆಯವರಿಗೆ ಅಡುಗೆ, ಮನೆ ತುಂಬ ನೆಂಟರು. ಅಷ್ಟು ಜನರ ನಡುವೆ ಹೇಗೆ ಹೇಳುವುದು? ನೋವು ಇರಲಿಲ್ಲ. ನೋವು ಬಂದಾಗ ಹೇಳಿದರಾಯಿತು ಎಂದು ಬಟ್ಟೆ ಇಟ್ಟುಕೊಂಡು ಓಡಾಡಿದೆ. ಎಲೆ ಎತ್ತಿದ ಮೇಲೆ, ಮಾರನೇ ದಿನ ಮಧ್ಯಾಹ್ನ, ನೋವು ಶುರುವಾಗಿದೆ ಎಂದಷ್ಟೇ ಅತ್ತೆಗೆ ಹೇಳಿದೆ. ನಾಲ್ಕು ಗಂಟೆಗೆ ಅವಳು ಹುಟ್ಟಿದಳು. ಆಸ್ಪತ್ರೆಯಲ್ಲಿ ನೀರು ಯಾವಾಗ ಹೋಯಿತು ಎಂದು ಕೇಳಿದರು. “ಈಗ ತಾನೆ” ಎಂದೆ.

ಇಪ್ಪತ್ಮೂರು ಗಂಟೆ ಪುಷ್ಪಾ. ನಾನು ಹೋಳಿಗೆ ಬಡಿಸುತ್ತಿದ್ದೆ.

ನೀನು ಮಗನನ್ನು ತೋರಿಸಲು ಕೋಲಾರಕ್ಕೆ ಹೋಗುತ್ತಿರಬೇಕಲ್ಲ. ಯಾರಾದರೂ ಡಾಕ್ಟರನ್ನು ಕೇಳು. ನನ್ನ ಹೆಸರು ಹೇಳಬೇಡ. ನೀರು ಹೋಗಿ ತಡವಾದದ್ದರಿಂದಲೇ ಹಾಗಾಯಿತಾ, ಅಷ್ಟು ಕೇಳು.

ಶ್ಯಾಮಲ

* * *

ಮೈಸೂರು
19 ಫೆಬ್ರವರಿ 2023

ಶ್ಯಾಮಲಕ್ಕಾ,

ಊರು ನೋಡಿ ಗಾಬರಿಯಾಗಬೇಡ. ನಾವು ಈಗ ಮೈಸೂರಿನಲ್ಲಿದ್ದೇವೆ. ಅಂಬರೀಶನಿಗೆ ಇಲ್ಲಿ ಪೇಂಟಿಂಗ್ ಕೆಲಸ ಸಿಕ್ಕಿತು. ಕೋರಮಂಡಲ್‌ನಲ್ಲಿ ಇದ್ದರೆ ದಿನಾ ರೈಲಿನಲ್ಲಿ ನಿಂತು ಬೆಂಗಳೂರಿಗೆ ಹೋಗಿ ಬರಬೇಕು, ಇಲ್ಲಿ ಆ ಕಷ್ಟವಿಲ್ಲ. ಒಂದು ಕೋಣೆ, ಮುಂದೆ ಹೊಂಗೆ ಮರ. ಚೆನ್ನಾಗಿದೆ.

ನೀನು ಕೇಳಿದ್ದನ್ನು ಇಲ್ಲೊಬ್ಬ ಡಾಕ್ಟರನ್ನು ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು. ನೀರು ಯಾವಾಗ ಹೋದರೂ ಬರುವುದು ಬರುತ್ತದಂತೆ. ನನ್ನನ್ನೇ ನೋಡು, ನನಗೆ ನೀರು ಒಡೆದದ್ದು ಹೆರಿಗೆ ಮಂಚದ ಮೇಲೆ. ಆದರೂ ನನ್ನ ಮಗನಿಗೆ ಬರಲಿಲ್ಲವಾ?

ಹೋಳಿಗೆ ಬಡಿಸಿದ್ದು ಪಾಪವಲ್ಲ ಅಕ್ಕಾ. ಇನ್ನು ಆ ಸಂಜೆಯನ್ನು ಬಿಟ್ಟುಬಿಡು. ಒಳ್ಳೆ ನಿದ್ದೆ ಮಾಡು.

ಪುಷ್ಪ

* * *

ಬೇತಮಂಗಲ
16 ಏಪ್ರಿಲ್ 2023

ಪುಷ್ಪಾ,

ನಿನ್ನ ಕಾಗದ ಓದಿದ ದಿನ ಡೇರಿಯಿಂದ ಮನೆಗೆ ಬರುವ ದಾರಿಯಲ್ಲಿ ಕಾಲುವೆ ಕಟ್ಟೆಯ ಮೇಲೆ ಕೂತುಬಿಟ್ಟೆ. ಎದೆಯ ಮೇಲಿಂದ ಯಾರೋ ಕೈ ತೆಗೆದ ಹಾಗಾಯಿತು. ಆ ಡಾಕ್ಟರಿಗೆ ದೇವರು ಒಳ್ಳೆಯದು ಮಾಡಲಿ. ಈಗ ನಿದ್ದೆ ಬರುತ್ತದೆ.

ಇನ್ನೊಂದು ಮಾತು. ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದೆ. ನಿನ್ನ ಕಾಗದದಲ್ಲಿ ಕೋಣೆ ಇದೆ, ಹೊಂಗೆ ಮರ ಇದೆ, ಸಾಯಿಯ ವಿಷಯ ಒಂದು ಸಾಲೂ ಇಲ್ಲ. ಎಂಟು ತಿಂಗಳ ಮಗು, ಕೂತಿರಬೇಕು, ತೊದಲಿರಬೇಕು. ಯಾಕೆ ಬರೆಯಲಿಲ್ಲ? ಮಗು ಕಳೆದುಕೊಂಡವಳ ಕಣ್ಣು ತಾಗುತ್ತದೆ ಎಂದಾ?

ಇಲ್ಲಿ ನನಗೆ ಅದು ಅಭ್ಯಾಸವಾಗಿದೆ. ನಾಮಕರಣಕ್ಕೆ ಹೋದರೆ ತೊಟ್ಟಿಲ ಹತ್ತಿರ ಜಾಗ ಬಿಡುವುದಿಲ್ಲ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಸುಮ್ಮನೆ ಅಡ್ಡ ನಿಲ್ಲುತ್ತಾರೆ. ನೀನೂ ಅಡ್ಡ ನಿಂತೆ ಅನ್ನಿಸಿತು. ನಿನ್ನ ಮಗ ಉಳಿದ. ಊರು ಬದಲಾಯಿತು, ಜೀವನ ನೇರವಾಯಿತು. ಸಂತೋಷ. ನನ್ನಿಂದ ಮುಚ್ಚಿಡುವ ಅಗತ್ಯ ಇರಲಿಲ್ಲ.

ಶ್ಯಾಮಲ

* * *

ಮೈಸೂರು
2 ಜುಲೈ 2023

ಅಕ್ಕಾ,

ಸಾಯಿಗೆ ಕಿವಿ ಕೇಳುವುದಿಲ್ಲ.

ಎರಡೂ ಕಿವಿ. ಜ್ವರ ಮಿದುಳಿನ ಪೊರೆಗೆ ಹತ್ತಿದಾಗಲೇ ಒಳಗಿನ ನರ ಹೋಗಿತ್ತು. ದೀಪಾವಳಿ ಆದ ಮೇಲೆ ಒಂದು ದಿನ ಅತ್ತೆಯ ಕೈಜಾರಿ ಸ್ಟೀಲ್ ಕೊಡ ಅವನ ಪಕ್ಕವೇ ಬಿತ್ತು. ಅವನು ತನ್ನ ಬೆರಳು ನೋಡಿಕೊಂಡು ಆಡುತ್ತಲೇ ಇದ್ದ. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಾರನೇ ವಾರ ಪರೀಕ್ಷೆ ಮಾಡಿಸಿದೆವು. ಮೈಸೂರಿಗೆ ಬಂದದ್ದು ಅದಕ್ಕೇ. ಇಲ್ಲಿ ಕಿವಿ ಕೇಳದ ಮಕ್ಕಳಿಗೆ ಶಾಲೆ ಇದೆ, ತಾಯಿಯೂ ಜೊತೆಗೆ ಕೂತು ಕಲಿಯಬೇಕು. ಅಂಬರೀಶ ಆಮೇಲೆ ಕೆಲಸ ಹುಡುಕಿಕೊಂಡ. ಈಗ ಸಾಯಿಯ ಕಿವಿಗೆ ಮೆಷಿನ್ ಹಾಕಿದ್ದಾರೆ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ. ದಿನಕ್ಕೆ ನೂರು ಸಲ ಅವನ ಮುಂದೆ ಮುಖ ಹಿಡಿದು “ಅಮ್ಮ” ಅನ್ನುತ್ತೇನೆ. ಅವನು ನನ್ನ ತುಟಿ ಹಿಡಿಯಲು ಬರುತ್ತಾನೆ.

ನಿನಗೆ ಹೇಗೆ ಬರೆಯಲಿ ಹೇಳು? ನಿನ್ನ ತೊಟ್ಟಿಲು ಖಾಲಿ. ನನ್ನ ಮಡಿಲಲ್ಲಿ ಮಗು ಇದೆ. ಇದ್ದೂ ನಾನು ಅತ್ತರೆ ನಿನಗೆ ಏನನ್ನಿಸುತ್ತದೆ? ಕಿವುಡಾದರೂ ಪರವಾಗಿಲ್ಲ, ನನ್ನದು ಬದುಕಿದ್ದರೆ ಸಾಕಿತ್ತು ಎಂದು ನೀನು ಅನ್ನುತ್ತಿದ್ದೆ. ಅದು ನಿಜ ಕೂಡ. ಅದಕ್ಕೇ ಬರೆಯಲಿಲ್ಲ. ಕಣ್ಣು ತಾಗುವ ಯೋಚನೆ ಬಂದಿದ್ದರೆ ನನ್ನ ಕೈ ಸೇದಿಹೋಗಲಿ.

ಪುಷ್ಪ

* * *

ಬೇತಮಂಗಲ
21 ಜನವರಿ 2024

ಪುಷ್ಪಾ,

ಆರು ತಿಂಗಳು ಸುಮ್ಮನಿದ್ದೆ. ನಾಚಿಕೆ. ಆ ಏಪ್ರಿಲ್ ಕಾಗದವನ್ನು ನೀನು ಹರಿದು ಹಾಕಿರಲಿ ಎಂದು ಬೇಡಿಕೊಂಡಿದ್ದೇನೆ. ನೀನು ಹೇಳಿದ್ದು ಸರಿ, ಬದುಕಿದ್ದರೆ ಸಾಕಿತ್ತು ಎಂದೇ ನನಗೂ ಮೊದಲು ಅನ್ನಿಸಿತು. ಆಮೇಲೆ ಒಂದು ದಿನ ಹಟ್ಟಿಯಲ್ಲಿ ಕರು ಅಂಬಾ ಎಂದಾಗ, ಈ ಸದ್ದು ಸಾಯಿಗೆ ಇಲ್ಲವಲ್ಲ ಎಂದು ನೆನಪಾಗಿ ಅಲ್ಲೇ ನಿಂತು ಅತ್ತೆ. ಅವನು ಈಗ ಏನು ಮಾಡುತ್ತಾನೆ? ನಡೆದನಾ? ಎಲ್ಲವನ್ನೂ ಬರೆ. ಏನನ್ನೂ ಬಿಡಬೇಡ.

ನನ್ನದೊಂದು ವಿಷಯ. ನನಗೆ ಈಗ ಐದು ತಿಂಗಳು. ಮೂರು ತಿಂಗಳು ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಗೊತ್ತಾದ ದಿನ ದೇವರ ಮುಂದೆ ದೀಪ ಹಚ್ಚಿ, ಹಾಲಿನ ಕ್ಯಾನು ನನ್ನ ಕೈಯಿಂದ ತೆಗೆದುಕೊಂಡರು.

ಈ ಸಲ ನನಗೆ ಭಯವಿಲ್ಲ. ನಿನ್ನಿಂದಲೇ ಅದು. ನೀರು ಹೋದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನೀನು ಕೇಳಿ ತಿಳಿಸದಿದ್ದರೆ ಪ್ರತಿ ಗಳಿಗೆ ಸೀರೆ ಮುಟ್ಟಿ ನೋಡಿಕೊಂಡು ಹುಚ್ಚಿಯಾಗುತ್ತಿದ್ದೆ. ಹೋದರೆ ಹೋಗುತ್ತದೆ, ನೋವು ಬಂದಾಗ ಹೊರಡುವುದು. ಹಳೆಯ ಕಾಯಿಲೆಯ ಮಾತು ಇಲ್ಲಿ ಯಾರ ಹತ್ತಿರವೂ ಎತ್ತಿಲ್ಲ. ಫೈಲೂ ಇಲ್ಲವಲ್ಲ. ಹೊಸದಾಗಿ ಶುರುವಾಗಲಿ ಎಂದು ಎಲ್ಲರ ಆಸೆ.

ಶ್ಯಾಮಲ

* * *

ಮೈಸೂರು
30 ಜನವರಿ 2024

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು. ಇದನ್ನು ಇವತ್ತೇ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಸಾಯಿಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನಾನು ನಿನಗೆ ಸುಳ್ಳು ಹೇಳಿದ್ದೆ.

ಡಾಕ್ಟರನ್ನು ಕೇಳಿದ್ದು ನಿಜ. ಅವರು ಸಂಬಂಧವಿಲ್ಲ ಎನ್ನಲಿಲ್ಲ. ಅವರು ಹೇಳಿದ್ದು ಹೀಗೆ: ನೀರು ಒಡೆದು ಹದಿನೆಂಟು ಗಂಟೆ ದಾಟಿದರೆ ಮಗುವಿಗೆ ಈ ಸೋಂಕು ತಗಲುವ ಅಪಾಯ ಹೆಚ್ಚು. ಆದರೆ ಅದೊಂದರಿಂದಲೇ ಆಯಿತು ಎಂದು ಯಾರೂ ಹೇಳಲಾರರು. ತಡ ಮಾಡಿದ ಎಷ್ಟೋ ತಾಯಂದಿರ ಮಕ್ಕಳು ಚೆನ್ನಾಗಿದ್ದಾರೆ, ಸಮಯಕ್ಕೆ ಬಂದವರ ಮಕ್ಕಳಿಗೂ ಬಂದಿದೆ. ನಾನು ಮೊದಲ ಮಾತನ್ನು ನುಂಗಿದೆ. ನೀನು ನಿದ್ದೆ ಮಾಡಲಿ ಅಂತ. ನಿನ್ನ ಹೊಟ್ಟೆಯಲ್ಲಿ ಇನ್ನೊಂದು ಮಗು ಬರುತ್ತದೆ ಎಂಬುದು ಆಗ ನನ್ನ ತಲೆಗೇ ಹೊಳೆಯಲಿಲ್ಲ.

ಈಗ ಇಷ್ಟು ಮಾಡು, ನನ್ನ ಮೇಲಿನ ಸಿಟ್ಟು ಆಮೇಲೆ. ಮೊದಲನೇ ಮಗುವಿಗೆ ಈ ಕಾಯಿಲೆ ಬಂದಿತ್ತು ಎಂದು ನಿನ್ನನ್ನು ನೋಡುವ ಡಾಕ್ಟರಿಗೆ ನಾಳೆಯೇ ಹೇಳು. ಅಂಥ ತಾಯಂದಿರಿಗೆ ಹೆರಿಗೆ ಶುರುವಾದ ಕೂಡಲೇ ಪೆನ್ಸಿಲಿನ್ ಇಂಜೆಕ್ಷನ್ ಹಾಕುತ್ತಾರಂತೆ. ಮಗು ಹೊರಗೆ ಬರುವುದಕ್ಕೆ ನಾಲ್ಕು ಗಂಟೆ ಮೊದಲಾದರೂ ಮೈಗೆ ಸೇರಿರಬೇಕು. ನೀರು ಹೋದರೆ ನೋವಿಗೆ ಕಾಯಬೇಡ. ಯಾರ ಮದುವೆ ಇರಲಿ, ಆ ಗಳಿಗೆಯೇ ಹೊರಡು. ಇಲ್ಲಿನ ಡಾಕ್ಟರಿಂದ ಒಂದು ಚೀಟಿ ಬರೆಸಿ ಇದರಲ್ಲಿ ಇಟ್ಟಿದ್ದೇನೆ. ಅದನ್ನು ಕೆರೆಗೆ ಹಾಕಲು ಬಿಡಬೇಡ.

ಪುಷ್ಪ

* * *

ಮೈಸೂರು
17 ಮಾರ್ಚ್ 2024

ಅಕ್ಕಾ,

ಏಳು ವಾರವಾಯಿತು. ನಿನ್ನಿಂದ ಒಂದು ಕಾರ್ಡೂ ಇಲ್ಲ. ಶಶಿರೇಖ ಕೆಲಸ ಬಿಟ್ಟರಾ? ಕಾಗದ ಬೇರೆ ಯಾರ ಕೈಗಾದರೂ ಸಿಕ್ಕಿತಾ? ನನ್ನ ಮೇಲೆ ಸಿಟ್ಟಾದರೆ ಬರಿ ಖಾಲಿ ಕಾರ್ಡು ಹಾಕು, ವಿಳಾಸ ಮಾತ್ರ ಬರೆದು. ಚೀಟಿ ಸಿಕ್ಕಿದೆ ಎಂದು ತಿಳಿದುಕೊಳ್ಳುತ್ತೇನೆ.

ಸಾಯಿ ನಡೆಯುತ್ತಾನೆ. ಎಲ್ಲವನ್ನೂ ಬರೆ ಎಂದಿದ್ದೆಯಲ್ಲ. ನಾನು ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಬೀದಿಯಲ್ಲಿ ಅವನ ಹಿಂದೆಯೇ ಓಡುತ್ತೇನೆ.

ಪುಷ್ಪ

* * *

ಬೇತಮಂಗಲ
9 ಜೂನ್ 2024

ಪುಷ್ಪಾ,

ಮೇ ಹನ್ನೊಂದನೇ ತಾರೀಕು ಹೆಣ್ಣು ಮಗುವಾಯಿತು. ಚೆನ್ನಾಗಿದ್ದಾಳೆ. ಲಿಖಿತ ಎಂದು ಹೆಸರು.

ನಿನ್ನ ಎರಡೂ ಕಾಗದ ಸಿಕ್ಕಿದ್ದವು. ಖಾಲಿ ಕಾರ್ಡು ಹಾಕಬಹುದಿತ್ತು, ಹಾಕಲಿಲ್ಲ. ನೀನು ಕಾಯಲಿ ಎಂದೇ ಸುಮ್ಮನಿದ್ದೆ. ಒಂದು ವರ್ಷ ನಾನು ನಿನ್ನ ಸುಳ್ಳಿನ ಮೇಲೆ ತಲೆಯಿಟ್ಟು ಮಲಗಿದ್ದೆ. ಅದನ್ನು ನೀನೇ ಎಳೆದುಬಿಟ್ಟೆ. ಮತ್ತೆ ಆ ಸಂಜೆ, ಆ ಹಸು, ಆ ಒದ್ದೆ ಸೀರೆ. ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಚೀಟಿಯನ್ನು ಹಾಕಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಾಯಿ ಕಾರ್ಡಿನೊಳಗೆ ಇಟ್ಟೆ. ಕೆ.ಜಿ.ಎಫ್. ಡಾಕ್ಟರಿಗೆ ತೋರಿಸಿದೆ, ಅವರು ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ ಬರೆದುಕೊಟ್ಟರು. ಮನೆಗೆ ಬಂದು ಅತ್ತೆಯನ್ನು ಕೂರಿಸಿ ಎಲ್ಲ ಹೇಳಿದೆ, ಇಪ್ಪತ್ಮೂರು ಗಂಟೆಯದನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ. ಕಾಳು ಆರಿಸುತ್ತಿದ್ದ ಮೊರ ಕೆಳಗಿಟ್ಟು, “ಮನೇಲಿ ಇಪ್ಪತ್ತು ಎಂಗಸ್ರು ಇದ್ವಲ್ಲಮ್ಮ. ಒಬ್ಳಾದ್ರೂ ನಿನ್ ಮುಖ ನೋಡ್ಲಿಲ್ವಲ್ಲ” ಎಂದರು.

ನನಗೆ ಪ್ರಜ್ಞೆ ತಪ್ಪಿದರೆ ಹೇಳುವವರು ಬೇಕಲ್ಲ ಎಂದು ಅವರಿಗೆ ಕಾಯಿಲೆಯ ಹೆಸರು ಬಾಯಿಪಾಠ ಮಾಡಿಸಿದೆ. ಸ್ಟ್ರೆಪ್ಟೊಕಾಕಸ್ ನಾಲಿಗೆಗೆ ಹೊರಳಲಿಲ್ಲ. “ಬಿ ಟಿರೆಪ್ಪು” ಎಂದರು. ಸಾಕು ಎಂದೆ.

ಬೆಳಿಗ್ಗೆ ಆರೂವರೆಗೆ ಡೇರಿಯ ಸಾಲಿನಲ್ಲಿ ನಿಂತಿದ್ದಾಗ ನೀರು ಹೋಯಿತು. ಕ್ಯಾನು ಅಲ್ಲೇ ಬಿಟ್ಟೆ. ಎಲ್ಲರೆದುರು, “ಶಶೀ, ನೀರು ಹೋಯ್ತು, ಗಾಡಿ ಕರೆಸು” ಎಂದು ಕೂಗಿದೆ. ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಏಳೂಕಾಲಿಗೆ ಆಸ್ಪತ್ರೆ. ನೋವು ಒಮ್ಮೆಗೇ ಬಂದು ನನಗೆ ಮಾತೇ ಹೊರಡಲಿಲ್ಲ. ಕಾರ್ಡು ಚೀಲದ ಅಡಿಯಲ್ಲೆಲ್ಲೋ ಇತ್ತು. ಅತ್ತೆ ನರ್ಸಮ್ಮನ ಕೈ ಹಿಡಿದುಕೊಂಡು, “ಮೊದಲ್ನೇ ಕೂಸು ಬಿ ಟಿರೆಪ್ಪಲ್ಲಿ ಓಯ್ತು ತಾಯಿ. ಮೊದ್ಲು ಸೂಜಿ ಆಕು, ಆಮೇಲೆ ಎಸರು ಬರ್ಕೋ” ಎಂದರು. ಎಂಟರೊಳಗೆ ಇಂಜೆಕ್ಷನ್ ಸೇರಿತು, ಹನ್ನೆರಡಕ್ಕೆ ಇನ್ನೊಂದು. ಎರಡು ಗಂಟೆಗೆ ಲಿಖಿತ ಹುಟ್ಟಿದಳು. ಎರಡು ದಿನ ಅವಳ ಉಸಿರನ್ನೇ ಎಣಿಸಿದೆ. ಮೂರನೇ ದಿನ ಎಲ್ಲರೂ ಸಿಹಿ ಹಂಚಿದರು, ನಾನು ಗೋಡೆಗೆ ತಿರುಗಿ ಅತ್ತೆ. ಬರಿ ಎರಡು ಇಂಜೆಕ್ಷನ್ ಪುಷ್ಪಾ. ಅವಳಿಗೂ ಸಿಕ್ಕಿದ್ದರೆ ಎಂಬ ಯೋಚನೆ ಲಿಖಿತಳನ್ನು ಎತ್ತಿಕೊಂಡಾಗಲೆಲ್ಲ ಬರುತ್ತದೆ. ನಿನ್ನ ಡಾಕ್ಟರು ಹೇಳಿದ ಹಾಗೆ, ಅದು ಯಾರಿಗೂ ಗೊತ್ತಿಲ್ಲ. ಎಷ್ಟು ವರ್ಷವಾದರೂ ಗೊತ್ತಾಗುವುದಿಲ್ಲ.

ಕಳೆದ ಭಾನುವಾರ ಮೊದಲ ಮಳೆ ಬಿದ್ದು ಹೊಲ ಉಳುತ್ತಿದ್ದರು. ನಾನು ಬುತ್ತಿ ತೆಗೆದುಕೊಂಡು ಲಿಖಿತಳನ್ನು ಎತ್ತಿಕೊಂಡು ಹೋದೆ. ಉಂಡ ಮೇಲೆ ಇವರನ್ನು ಕೇಳಿದೆ, ಮೊದಲನೆಯವಳನ್ನು ಎಲ್ಲಿ ಇಟ್ಟಿರಿ ಎಂದು. ಎರಡು ವರ್ಷದಲ್ಲಿ ಕೇಳಿರಲಿಲ್ಲ. ನಾನು ಆಸ್ಪತ್ರೆಯ ಮಂಚದ ಮೇಲಿದ್ದಾಗ ಗಂಡಸರು ಎತ್ತಿಕೊಂಡು ಹೋಗಿದ್ದರು, ಬಂದವರು ಯಾರೂ ಹೇಳಿರಲಿಲ್ಲ. ಇವರು ತಟ್ಟೆ ಕೆಳಗಿಟ್ಟು ಎದ್ದರು. “ಬಾ” ಎಂದರು.

ಹೊಲದ ಮೂಲೆಯಲ್ಲಿ ಒಂದು ಮಂಚದಷ್ಟು ಅಗಲ ನೆಲ ಉಳದೆ ಉಳಿದಿತ್ತು. ಗರಿಕೆ ಬೆಳೆದಿತ್ತು. ಹೋದ ವರ್ಷವೂ ಆ ಮೂಲೆ ಹಾಗೇ ಇದ್ದದ್ದು ನೋಡಿದ್ದೆ, ಕಲ್ಲು ಇರಬೇಕು ಎಂದುಕೊಂಡಿದ್ದೆ.

“ಇಲ್ಲೇ ಕಣೇ” ಎಂದರು. “ಟ್ರ್ಯಾಕ್ಟರು ಇಲ್ಲಿಗೆ ಬಂದಾಗ ನಾನೇ ಇಳಿದು ನಿಂತ್ಕೋತೀನಿ. ಮೂಲೆ ಉಳದೆ ಬಿಟ್ಟ ಸೋಮಾರಿ ಅಂತ ಅಮ್ಮ ಬೈತಾಳೆ. ಬೈಲಿ ಬಿಡು.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ತೀಯ ಅಂತ ಕಾಯ್ತಿದ್ದೆ.”

ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಲಿಖಿತಳನ್ನು ಅವರ ಕೈಗೆ ಕೊಟ್ಟು ಗರಿಕೆಯ ಮೇಲೆ ಕೂತೆ. ಬಿಸಿಲು ಇಳಿಯುವವರೆಗೂ ಕೂತಿದ್ದೆ. ಬಾ ಎಂದು ಇವರು ಕರೆಯಲಿಲ್ಲ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಲಿಖಿತಳಿಗೆ ಮೂರು ತಿಂಗಳಾಗಲಿ, ಮೈಸೂರಿಗೆ ಬರುತ್ತೇನೆ. ಎದುರಿಗೇ ಬೈಯುತ್ತೇನೆ. ಸಾಯಿಯ ಹತ್ತಿರ ಹೇಗೆ ಮಾತಾಡಬೇಕು, ಯಾವ ಕಡೆ ಕೂರಬೇಕು, ಬರೆದು ತಿಳಿಸು. ಕಲಿತುಕೊಂಡು ಬರುತ್ತೇನೆ.

ಶ್ಯಾಮಲ